ಹೊನ್ನಿಯ ಹಗ್ಗ, ಹೊಳೆಯಡಿಯ ಪೈಪು

"ಉಗುಳಬೇಕು ಅಂದ್ರೆ ದಿನಾ ಉಗುಳಬಹುದು ನಾನು. ಯಾರು ಕಾಣ್ತಾರೆ? ಈ ಒರತೆ ನೀರು ಇಲ್ಲಿಂದ ಇಳೀತದೆ, ಹೊಳೆ ಅಡಿಗೆ ಹೊಗ್ತದೆ, ಆಚೆ ದಡದಲ್ಲಿ ಏಳ್ತದೆ, ಅವರ ಕೊಡಕ್ಕೆ ಬೀಳ್ತದೆ. ಯಾರ ಕೊಡಕ್ಕೆ? ನನ್ನ ಹೊಸಿಲು ದಾಟಿಸಿದೋರ ಕೊಡಕ್ಕೆ. ಬೈರ ಮಾವ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸೋದು ಇದೇ ನೀರಲ್ಲಿ. ಅವನ ನಾಲಿಗೆ ತೊಳೆಯೋಕೆ ಒಂದು ಒರತೆ ಸಾಲೂದಿಲ್ಲ, ಹೊಳೆನೇ ಬೇಕು. ಆದ್ರೂ ಬಿಡ್ತೇನೆ. ಒಂದು ಎಲೆ ಪೈಪಿನ ಬಾಯಿಗೆ ಹೋಗಗೊಡಲಿಲ್ಲ ಇದುವರೆಗೆ. ಅದಕ್ಕೆ ಊರವರು ಎಂತ ಹೇಳ್ತಾರಂತೆ ಗೊತ್ತದ್ಯಾ? ಹೊನ್ನಿ ಮನಸು ಕರಗ್ತು, ಹೊನ್ನಿ ಒಳ್ಳೇಳಾದ್ಲು ಅಂತ. ಎಂತ ಮಣ್ಣು ಒಳ್ಳೇದು! ಮಾಸ್ತೀನ ನಾನು ಉಳಿಸಿದೆ ಅಂತಲೂ ಹೇಳ್ತಾರೆ. ಅದೂ ಸುಳ್ಳು. ಹಗ್ಗ ನಂದು. ಕವಲು ಮರದ ನಾರು ನಾನೇ ಸುಲಿದದ್ದು, ನನ್ನ ತೊಡೆ ಮೇಲೇ ಹೊಸೆದದ್ದು. ನನ್ನ ಹಗ್ಗದ ತುದೀಲಿ ಒಬ್ಬ ಸತ್ತ ಅಂತ ಆಗಬಾರದಿತ್ತು, ಅಷ್ಟೇ. ಬೇರೆಯವರ ಹಗ್ಗ ಆಗಿದ್ರೆ ಸಾಯಲಿ ಅಂತ ಬಿಡ್ತಿದ್ಯಾ ಅಂತ ಮಾತ್ರ ಕೇಳಬೇಡಿ. ಅದು ನಂಗೇ ಗೊತ್ತಿಲ್ಲ."

ಹೀಗೆ ಹೇಳುವಾಗ ಹೊನ್ನಿ ಯಾರ ಮುಖವನ್ನೂ ನೋಡುವುದಿಲ್ಲ. ಕೇಳುವವರು ಅವಳ ಬೆನ್ನಿಗೆ ಕಿವಿ ಕೊಟ್ಟು ಕೂರಬೇಕು. ಅಘನಾಶಿನಿ ಹೊಳೆಯ ಆಚೆ ದಡದ ಗುಡ್ಡದಲ್ಲಿ, ಒರತೆಯ ಮಗ್ಗುಲಿನ ಸೋಗೆ ಗುಡಿಸಲಿನಲ್ಲಿ ಅವಳ ವಾಸ. ಅಲ್ಲಿಂದ ನೋಡಿದರೆ ಅವಳು ಬಾಳಿದ ಊರು ಅಂಗೈ ಮೇಲಿಟ್ಟ ಹಾಗೆ ಕಾಣುತ್ತದೆ. ಯಾವ ಮನೆಯ ಒಲೆ ಎಷ್ಟು ಹೊತ್ತಿಗೆ ಹತ್ತಿತು ಎಂಬುದೂ ಹೊಗೆಯಿಂದ ತಿಳಿಯುತ್ತದೆ. ಹೊನ್ನಿ ಗುಡಿಸಲಿನ ಬಾಗಿಲನ್ನು ಗುಡ್ಡದ ಕಡೆಗೆ ಇಟ್ಟುಕೊಂಡಿದ್ದಾಳೆ.

ಆ ಊರು ಹೆಗ್ಗರಣೆಗೆ ಹತ್ತಿರದ್ದು. ಜಲಪಾತಕ್ಕೆ ಹಾರುವ ಮೊದಲು ಹೊಳೆ ಅಲ್ಲಿ ಸ್ವಲ್ಪ ಹೊತ್ತು ಯೋಚನೆ ಮಾಡಿದಂತೆ ನಿಂತುಕೊಳ್ಳುತ್ತದೆ. ಆ ಮಡುವಿನ ದಡದಲ್ಲೇ ಹೊನ್ನಿಯ ಗಂಡ ಮಾಸ್ತಿಯ ಮನೆ. ಸುತ್ತಿನವರೆಲ್ಲ ಅದನ್ನು ಮುಳುಗಿನ ಮನೆ ಎಂದೇ ಕರೆಯುತ್ತಿದ್ದರು. ಬಾವಿಗೆ ಬಿದ್ದ ಕೊಡಪಾನ ಎತ್ತಲು, ಹೂಳು ತೆಗೆಯಲು, ಮಳೆಗಾಲ ಕಳೆದ ಮೇಲೆ ಹೊಳೆಗೆ ಅಡ್ಡ ಕಟ್ಟ ಕಟ್ಟುವಾಗ ನೀರಿನಡಿ ಗೂಟ ಹೊಡೆಯಲು ಆ ಮನೆಯ ಗಂಡಸರೇ ಆಗಬೇಕು. ಗಂಡಸು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಎದೆಗೆ ಒಂದು ಕಲ್ಲು ಅವುಚಿಕೊಂಡು ಮುಳುಗುತ್ತಾನೆ. ದಡದಲ್ಲಿ ಹಗ್ಗ ಹಿಡಿಯುವವಳು ಅವನ ಹೆಂಡತಿ. ಅಣ್ಣತಮ್ಮಂದಿರಾದರೆ ಪಾಲಿನ ಆಸೆಗೆ ಕೈಬಿಟ್ಟಾರು, ಕೊರಳಲ್ಲಿ ಕರಿಮಣಿ ಇರುವವಳು ಬಿಡಲಾರಳು ಎಂಬುದು ಆ ಮನೆಯ ಹಿರಿಯರ ಲೆಕ್ಕ. ಗಂಟನ್ನು ಅವಳೇ ಹಾಕಬೇಕು, ಅದೂ ಬೆನ್ನ ಹಿಂದೆ. ಮುಂದೆ ಹಾಕಿದರೆ ಗಂಡಸು ನೀರಿನಡಿ ಗಾಬರಿಯಾದಾಗ ತಾನೇ ಬಿಚ್ಚಿಕೊಂಡು ಕೆಡುತ್ತಾನೆ.

ಹೊನ್ನಿ ಮದುವೆಯಾಗಿ ಬಂದಾಗ ಹಗ್ಗದ ಮಾತು ಕಲಿಸಿದವಳು ಅತ್ತೆ ವೆಂಕಮ್ಮ. ಬಾವಿಕಟ್ಟೆಯ ಮೇಲೆ ಸೊಸೆಯನ್ನು ಕಣ್ಣು ಮುಚ್ಚಿಸಿ ಕೂರಿಸಿ, ತಾನು ಹಗ್ಗದ ಇನ್ನೊಂದು ತುದಿ ಹಿಡಿದು ಅಂಗಳದ ಮೂಲೆಯಲ್ಲಿ ನಿಲ್ಲುತ್ತಿದ್ದಳು. ತಪ್ಪಿದರೆ ಹಗ್ಗದಲ್ಲೇ ಏಟು.

"ಮುಷ್ಟಿಯಲ್ಲಿ ಹಿಡೀಬೇಡ ಹೆಣ್ಣೆ. ತೋರು ಬೆರಳ ಹೊಟ್ಟೆ ಮೇಲೆ ಇಟ್ಕೋ. ಬಿಗಿ ಆದ್ರೆ ಅವ ಬೀಳ್ತಾನೆ, ಸಡಿಲ ಆದ್ರೆ ಹಗ್ಗ ಯಾವುದಕ್ಕಾದ್ರೂ ಸಿಕ್ಕಿಬೀಳ್ತದೆ. ಕೆಳಗೆ ಗಂಡಸು ಇದ್ರೆ ಹಗ್ಗ ಉಸಿರಾಡ್ತದೆ. ಅದು ಬೆರಳಿಗೆ ಗೊತ್ತಾಗ್ಬೇಕು, ಕಣ್ಣಿಗಲ್ಲ."

ಇನ್ನೂ ಎರಡು ಮಾತು ವೆಂಕಮ್ಮ ಹೇಳಿದ್ದಳು. ಹಗ್ಗ ಯಾರ ಕೈಯಲ್ಲೋ ಆ ಮನೆಯ ಒಲೆ ಅವಳದು. ಮತ್ತು ಹಗ್ಗ ಕಡಿದವಳಿಗೆ ಆ ಮನೆ ಇಲ್ಲ. ಹಿಂದೆ ಯಾವಳೋ ಒಬ್ಬಳು ಸಿಟ್ಟಿನಲ್ಲಿ ಹಗ್ಗ ಕಡಿದು ಗಂಡನನ್ನು ಮಡುವಿಗೇ ಬಿಟ್ಟಿದ್ದಳಂತೆ. ಅಂದಿನಿಂದ ಆ ಮನೆಯಲ್ಲಿ ಹಗ್ಗ ಕಡಿಯುವುದೂ ಒಂದೇ, ಗಂಡಹೆಂಡಿರು ಬಿಡುಗಡೆಗೆ ಹುಲ್ಲುಕಡ್ಡಿ ಮುರಿಯುವುದೂ ಒಂದೇ.

ಹೊನ್ನಿಗೂ ಮಾಸ್ತಿಗೂ ಮೊದಲಿನಿಂದ ಆಗಿಬರಲಿಲ್ಲ. ಅವನದು ಕೈ ಮುಂದು, ಇವಳದು ಬಾಯಿ ಮುಂದು. ಹಗ್ಗ ನೀರಿನಲ್ಲಿರುವಷ್ಟು ಹೊತ್ತು ಮಾತ್ರ ಇಬ್ಬರ ನಡುವೆ ಜಗಳವಿರಲಿಲ್ಲ. ಮೇಲೆ ಬಂದ ಕೂಡಲೇ ಅವನು ಶುರುಮಾಡುತ್ತಿದ್ದ: "ಎಂತಕ್ಕೆ ಹಾಗೆ ಹಿಡಿದುಕೊಂಡಿರ್ತೆ? ಕರು ಕಟ್ಟಿದ ಹಾಗೆ!" ಇವಳು ಗಂಟು ಬಿಚ್ಚುತ್ತ ಹೇಳುತ್ತಿದ್ದಳು: "ಕರು ಆಗಿದ್ರೆ ಹಾಲಾದ್ರೂ ಸಿಕ್ತಿತ್ತು."

ಹೀಗಿರುತ್ತ, ಹೇರೂರಿನ ಕಡೆ ಬಾವಿಯ ಹೂಳು ತೆಗೆಯಲು ಹೋದ ಮಾಸ್ತಿ ಬರುವಾಗ ಗಂಗೆಯನ್ನು ಕೂಡಿಕೆ ಮಾಡಿಕೊಂಡು ಬಂದ. ಗಂಗೆ ಚಿಕ್ಕ ಪ್ರಾಯದವಳು, ಜೋರು ದನಿ ಕೇಳಿದರೆ ನಡುಗುವವಳು. ಹೊನ್ನಿ ವಾನಳ್ಳಿಯ ತವರಿಗೆ ಹೋಗುತ್ತಾಳೆಂದು ಎಲ್ಲರೂ ಕಾದರು. ಅವಳು ಹೋಗಲಿಲ್ಲ. ಹಗ್ಗವನ್ನು ಸುರುಳಿ ಸುತ್ತಿ ಒಲೆಯ ಮೇಲಿನ ಅಟ್ಟಕ್ಕೆ ತೂಗುಹಾಕಿ ಅದರ ಕೆಳಗೇ ಕೂತಳು. ಒಲೆ ಅವಳದು. ಗಂಗೆ ಜಗಲಿಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಗಂಜಿ ಬೇಯಿಸಬೇಕಾಯಿತು. ಗಾಳಿ ಬಂದಾಗ ಅವಳ ಬೆಂಕಿ ಆರಿದರೆ ಹೊನ್ನಿ ಒಳಗಿನಿಂದ ಒಂದು ಕೆಂಡವನ್ನೂ ಕೊಡಲಿಲ್ಲ. ಗಂಡ ಇಬ್ಬರ ಕೈಯಡಿಗೆಯನ್ನೂ ಉಂಡ, ಇಬ್ಬರನ್ನೂ ಬೈದ.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಮೇಲಿನ ಮಾತು ಇದು. ಬೇಸಿಗೆಯಲ್ಲಿ ಆ ಊರಿನ ಬಾವಿಗಳು ತಳ ಕಾಣುತ್ತಿದ್ದವು. ಆಚೆ ಗುಡ್ಡದ ಒರತೆ ಮಾತ್ರ ಬತ್ತುತ್ತಿರಲಿಲ್ಲ. ಸೀಳಿದ ಅಡಿಕೆ ಮರದ ದಂಬೆಯಲ್ಲಿ ನೀರು ತಂದರೆ ಪ್ರತಿ ಮಳೆಗಾಲವೂ ನೆರೆ ಕೊಚ್ಚಿಕೊಂಡು ಹೋಗುತ್ತಿತ್ತು. ಕೊನೆಗೆ ಹೊಳೆಯ ಅಡಿಯಿಂದಲೇ ಕಬ್ಬಿಣದ ಪೈಪು ತರುವುದೆಂದು ಮೇಲಿನವರು ಗೊತ್ತುಮಾಡಿದರು. ಮಡುವಿನಿಂದ ಮೇಲೆ ಕೆಳಗೆ ಎಲ್ಲ ಕಡೆ ಬಂಡೆ. ನೆರೆ ಬಂದಾಗ ಪೈಪು ಅಲ್ಲಿ ಉಳಿಯುವುದಿಲ್ಲ. ಮಡುವಿನ ತಳದ ಮರಳಿನಲ್ಲಿ ಹೂತರೆ ನೆರೆ ಮೇಲಿಂದ ಮೇಲೇ ಹೋಗುತ್ತದೆ. ಕುಮಟಾದ ಕಡೆಯ ಒಬ್ಬ ಮೇಸ್ತ್ರಿ ಪೈಪುಗಳನ್ನು ಗಾಡಿಯಲ್ಲಿ ತಂದು ದಡದಲ್ಲಿ ಒಟ್ಟಿದ. ಖಾಲಿ ಡ್ರಮ್ಮಿಗೆ ಬಾಳೆದಿಂಡು ಕಟ್ಟಿ ತೆಪ್ಪ ಮಾಡಿಸಿದ. ತೆಪ್ಪದ ಮೇಲಿನವರು ಪೈಪನ್ನು ಹಗ್ಗದಲ್ಲಿ ತೂಗಿ ಇಳಿಸಬೇಕು. ನೀರಿನಡಿ ಇದ್ದವನು ಅದರ ಬಾಯನ್ನು ಹಿಂದಿನ ಪೈಪಿನ ಬಾಯಿಗೆ ಕೂಡಿಸಿ, ನಡುವೆ ರಬ್ಬರಿನ ಬಳೆ ಇಟ್ಟು, ಬೋಲ್ಟು ಹಾಕಿ ಬಿಗಿಯಬೇಕು. ಒಂದೊಂದು ಜೋಡಣೆಗೆ ಹತ್ತಾರು ಮುಳುಗು.

ಕೆಲಸ ಮಾಸ್ತಿಗೆ ಬಂತು. ಹೊನ್ನಿ ಸೌದೆಗೆ ಹೋದ ಹೊತ್ತು ನೋಡಿ ಅವನು ಅಟ್ಟದಿಂದ ಹಗ್ಗ ಇಳಿಸಿದ. ಅವಳು ಹೊರೆ ಇಳಿಸುವುದರೊಳಗೆ ಅಂಗಳದಲ್ಲಿ ಗಂಗೆಗೆ ಪಾಠ ನಡೆದಿತ್ತು.

"ಯಾರನ್ನ ಕೇಳಿ ತೆಗೆದೆ?" ಎಂದಳು ಹೊನ್ನಿ.

"ನನ್ನ ಮನೆ ಹಗ್ಗ. ಇನ್ನು ಗಂಗೆ ಹಿಡೀತಾಳೆ."

"ಹಗ್ಗ ಅವಳಿಗೆ ಕೊಟ್ಟು, ಒಲೆ ನಂಗೆ ಬಿಡ್ತ್ಯಾ?"

ಮಾಸ್ತಿ ಹಗ್ಗದ ಸುರುಳಿಯನ್ನು ಗಂಗೆಯ ಕೈಗೆ ತುರುಕಿದ. ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತಿದ್ದ ಅವನ ಚಿಕ್ಕಪ್ಪ ಬೈರ ಅವನ ಪರವಾಗಿ ಹೇಳಿದ: "ಹಗ್ಗ ಯಾರದೋ ಒಲೆ ಅವರದು. ಹೊಸ ಕಾನೂನಲ್ಲ ಇದು. ಪೈಪಿನ ಕೆಲಸ ಮುಗಿದ ಮೇಲೆ ನೋಡಿದ್ರಾತು."

ಕೆಲಸ ಮುಗಿದ ಮೇಲೆ ಎಂದರೆ ಏನೆಂದು ಹೊನ್ನಿಗೆ ಅರ್ಥವಾಯಿತು. ಗಂಗೆ ಈ ಕೆಲಸವನ್ನು ದಾಟಿಸಿಬಿಟ್ಟರೆ ತಾನು ಜಗಲಿಗೆ, ಜಗಲಿಯಿಂದ ರಸ್ತೆಗೆ. "ಅಕ್ಕಾ, ನಂಗೆ ಎಂತೂ ಬರೂದಿಲ್ಲ, ಒಂಚೂರು ಹೇಳಿಕೊಡಿ" ಎಂದು ಗಂಗೆ ಸಂಜೆ ಬಾಗಿಲಲ್ಲಿ ನಿಂತಳು. "ಗಂಡನ್ನ ಹೇಳಿಸ್ಕೊಂಡು ತಗೊಂಡ್ಯಾ? ಇದನ್ನೂ ಹಾಗೇ ಕಲಿ" ಎಂದು ಹೊನ್ನಿ ಕದ ಹಾಕಿಕೊಂಡಳು.

ಕಲಿಸಿದವನು ಮಾಸ್ತಿಯೇ. ಅವನಿಗೆ ಗೊತ್ತಿದ್ದದ್ದು ಹಗ್ಗದ ಒಂದೇ ತುದಿ, ಸೊಂಟದ ತುದಿ. ಆ ತುದಿಗೆ ಹಗ್ಗ ಯಾವಾಗಲೂ ಬಿಗಿ ಅನ್ನಿಸುತ್ತದೆ. ಆದ್ದರಿಂದ ಅವನು ತನಗೆ ಸುಖವಾದದ್ದನ್ನೇ ಕಲಿಸಿದ: "ಅವಳ ಹಾಗೆ ಜಗ್ಗಿ ಹಿಡೀಬೇಡ. ಧಾರಾಳ ಬಿಡು. ಮೂರು ಸಲ ಎಳೆದ್ರೆ ಮಾತ್ರ ಮೇಲೆ ಎಳಿ." ಗಂಗೆ ಹೂಂ ಎಂದಳು. ಧಾರಾಳ ಬಿಡುವುದು ಅವಳಿಗೂ ಸುಲಭ.

ಮರುದಿನದಿಂದ ಹೊನ್ನಿ ಪಾತ್ರೆ ತೊಳೆಯಲು ಮಡುವಿಗೇ ಬರತೊಡಗಿದಳು. ಊರ ಹೆಂಗಸರಿಗೆ ಅದು ತಮಾಷೆ.

"ಹೊನ್ನಕ್ಕಾ, ತೊಳೆದೂ ತೊಳೆದೂ ತಪ್ಪಲೆ ತಳ ಹೋಗ್ತದೆ."

"ಹೋದ್ರೆ ನಿನ್ನ ಮನೆಗೆ ಕೇಳೂಕೆ ಬರೂದಿಲ್ಲ. ನಿನ್ನದು ನೀ ತೊಳಿ."

"ಪಾಪ, ಸವತಿ ಹಗ್ಗ ಹಿಡಿಯೋದು ನೋಡಿ ಕಣ್ಣು ತಂಪಾತಾ ಅಂತ ಕೇಳ್ದೆ."

ಕೆಲವರು ನಕ್ಕರು. ತೆಪ್ಪದ ಮೇಲಿಂದ ಕೆರಿಯನೂ ನಕ್ಕ. ಕೆರಿಯ ಪೈಪು ಇಳಿಸುವ ಕೂಲಿಯವನು, ಎಲ್ಲದಕ್ಕೂ ನಗುವವನು.

ಹೊನ್ನಿ ನೋಡುತ್ತಿದ್ದದ್ದು ಬೇರೆ. ಗಂಗೆಯ ಹಗ್ಗ ನೀರಿನ ಮೇಲೆ ಹಾವಿನ ಹಾಗೆ ಸುರುಳಿ ಸುರುಳಿಯಾಗಿ ಬಿದ್ದಿತ್ತು. ಇನ್ನೊಂದನ್ನೂ ಅವಳು ನೋಡಿದಳು. ಮಾಸ್ತಿಯ ಸೊಂಟದ ಹಿಂದಿನ ಮರದ ಕೊಕ್ಕೆಯಲ್ಲಿ ಎಂದೂ ಕತ್ತಿ ಇರುತ್ತಿತ್ತು. ಈಗ ಕತ್ತಿಯ ಬದಲು ಬೋಲ್ಟು ಬಿಗಿಯುವ ಪಾನಾ ತೂಗುತ್ತಿತ್ತು. ಕೊಕ್ಕೆ ಒಂದೇ, ಎರಡಕ್ಕೆ ಜಾಗವಿಲ್ಲ. ಹೇಳಬಹುದಿತ್ತು. ಹೇಳಿದ್ದರೆ, ಹೊಟ್ಟೆಕಿಚ್ಚಿಗೆ ಅಪಶಕುನ ನುಡಿದಳು ಎಂದು ಅವನೇ ಮೊದಲು ಅನ್ನುತ್ತಿದ್ದ. ಅವಳು ತಪ್ಪಲೆಗೆ ಬೂದಿ ಹಾಕಿ ತಿಕ್ಕಿದಳು.

ಕೆಲಸ ಮಡುವಿನ ನಡುವಿಗೆ ಬಂದ ದಿನ ಬಿಸಿಲು ಚುರುಕಾಗಿತ್ತು. ಪೈಪು ಇಳಿಯಿತು. ಮಾಸ್ತಿ ಹಲವು ಸಲ ಮುಳುಗಿ ಎದ್ದ. ರಬ್ಬರಿನ ಬಳೆ ಕೂರುತ್ತಿಲ್ಲ, ಏನೋ ದಪ್ಪ ಸಿಕ್ಕುತ್ತಿದೆ ಎಂದ. "ಅರೆ ಬಾಬಾ, ಬಳೆ ಹೊಸದು, ಅದಕ್ಕೇ ಗಟ್ಟಿ. ಜೋರು ತಿರುಗಿಸು" ಎಂದ ಮೇಸ್ತ್ರಿ. ಮಾಸ್ತಿ ಕಲ್ಲು ಅವುಚಿಕೊಂಡು ಮತ್ತೆ ಇಳಿದ.

ದಪ್ಪವಾಗಿ ಸಿಕ್ಕಿದ್ದು ರಬ್ಬರಲ್ಲ, ಹಗ್ಗ. ಸಡಿಲವಾದ ಒಂದು ಸುರುಳಿ ತಳಕ್ಕೆ ಇಳಿದು ಎರಡು ಪೈಪುಗಳ ಬಾಯ ನಡುವೆ ಕೂತಿತ್ತು. ಕದಡಿದ ನೀರಿನಲ್ಲಿ ಅವನಿಗೆ ಅದು ಕಾಣಲಿಲ್ಲ. ಶಕ್ತಿ ಹಾಕಿ ಬೋಲ್ಟು ಬಿಗಿದು, ತನ್ನನ್ನು ತಾನೇ ಪೈಪಿಗೆ ಕಟ್ಟಿಹಾಕಿಕೊಂಡ. ಏಳಲು ಹೋದಾಗ ಸೊಂಟ ಮೇಲೆ ಬರಲಿಲ್ಲ. ಗಾಬರಿಯಲ್ಲಿ ಪಾನಾ ಕೈಜಾರಿತು. ಗಂಟು ಬೆನ್ನ ಹಿಂದೆ. ಮೂರು ಸಲ ಎಳೆದ. ಎಳೆದದ್ದು ಪೈಪಿನವರೆಗೆ ಬಂದು ಅಲ್ಲೇ ನಿಂತಿತು.

ದಡದಲ್ಲಿ ಗಂಗೆಗೆ ಏನೂ ತಿಳಿಯಲಿಲ್ಲ. ಹೊನ್ನಿಗೆ ತಿಳಿಯಿತು. ನೀರಿನ ಮೇಲಿನ ಹಗ್ಗ ಸತ್ತಿತ್ತು.

ತಪ್ಪಲೆ ಉರುಳಿತು. ಹೊನ್ನಿ ಓಡಿಬಂದು ಗಂಗೆಯ ಕೈಯಿಂದ ಹಗ್ಗ ಕಿತ್ತು ತೋರು ಬೆರಳ ಮೇಲೆ ಇಟ್ಟುಕೊಂಡಳು. ಎಳೆದಳು. ಮನುಷ್ಯನ ತೂಕ ಬೇರೆ, ಕಬ್ಬಿಣದ ತೂಕ ಬೇರೆ. "ಕೆರಿಯಾ, ನಿನ್ನ ಕತ್ತಿ!" ಎಂದು ಕೂಗಿದಳು.

"ಹೆಂಗಸರು ಮಡುವಿಗೆ ಇಳೀಬಾರ್ದು ಹೊನ್ನಕ್ಕಾ..."

"ಹಾಗಾದ್ರೆ ನೀ ಇಳಿ."

ಕೆರಿಯ ಈಜುವವನೇ ಹೊರತು ಮುಳುಗುವವನಲ್ಲ. ಮೊದಲ ಬಾರಿಗೆ ಅವನು ನಗಲಿಲ್ಲ. ಹೊನ್ನಿ ಹಗ್ಗವನ್ನು ಗಂಗೆಯ ಮಡಿಲಿಗೆ ಎಸೆದು ಸೆರಗು ಬಿಗಿದಳು. ಹಗ್ಗದ ಜಾಡು ಹಿಡಿದು ತೆಪ್ಪದವರೆಗೆ ಈಜಿ, ಅವನ ಕೊಕ್ಕೆಯಿಂದ ಕತ್ತಿ ಸೆಳೆದು, ಮೀಸಲಿಟ್ಟ ಕಲ್ಲೊಂದನ್ನು ಅವುಚಿ ಇಳಿದಳು. ಅತ್ತೆಯ ಮಾತು ನೆನಪಿರಲಿಲ್ಲ ಎನ್ನುವ ಹಾಗಿಲ್ಲ. ನೀರು ಕಿವಿ ಮುಚ್ಚುವ ಹೊತ್ತಿಗೆ ಅದೊಂದೇ ಕೇಳಿಸುತ್ತಿತ್ತು. ಕಡಿಯದೆ ಬಿಟ್ಟರೆ ಅವನಿಲ್ಲ. ಕಡಿದರೆ ತನಗೆ ಮನೆಯಿಲ್ಲ.

ತಳದಲ್ಲಿ ಕೈಗೆ ಮೊದಲು ಸಿಕ್ಕಿದ್ದು ಪೈಪು, ಆಮೇಲೆ ಹಗ್ಗ, ಆಮೇಲೆ ಮಾಸ್ತಿಯ ಕೈ. ಅವನು ಅವಳ ತುರುಬು ಹಿಡಿದ. ಮುಳುಗುವವನು ಹುಲ್ಲನ್ನೂ ಬಿಡುವುದಿಲ್ಲ. ಅವಳು ಅವನ ಮುಂಗೈಯನ್ನು ಹಲ್ಲಿನಲ್ಲಿ ಕಚ್ಚಿದಳು. ಬಿಟ್ಟ. ಹಗ್ಗ ಕಡಿದಳು. ಅವನು ಮೇಲಕ್ಕೆ ಹೋದ. ಅವಳಿಗೆ ದಿಕ್ಕು ತಪ್ಪಿತು. ಕೈಗೆ ಸಿಕ್ಕ ಇನ್ನೊಂದು ಎಳೆಯನ್ನೇ, ಪೈಪು ಕಚ್ಚಿ ಹಿಡಿದ ಆ ಹಗ್ಗವನ್ನೇ ಹಿಡಿದು ಹತ್ತಿದಳು. ಅದರ ಆಚೆ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಕಣ್ಣು ಮುಚ್ಚಿ, ಗಂಗೆ ದಡದ ಕಲ್ಲಿಗೆ ಕಾಲು ಕೊಟ್ಟು ಕೂತಿದ್ದಳು.

ತೆಪ್ಪದವರು ದಡಕ್ಕೆ ತಂದು ಹಾಕಿದ ಮೇಲೆ ಮಾಸ್ತಿ ಕಕ್ಕಿದ. ಮತ್ತೆ ಕಕ್ಕಿದ. ಉಸಿರು ತಿರುಗಿದ ಮೇಲೆ ಸೊಂಟದಲ್ಲಿ ತೂಗುತ್ತಿದ್ದ ತುಂಡು ಹಗ್ಗವನ್ನು ನೋಡಿದ.

"ಹಗ್ಗ ಕಡಿದದ್ದು ಯಾರು?"

ಅವನ ಮೊದಲ ಮಾತು ಅದೇ.

ಮರುದಿನ ಬೈರನ ಜಗಲಿಯಲ್ಲಿ ನಾಲ್ಕು ಜನ ಕೂಡಿದರು. ಹೊನ್ನಿ ಅಂಗಳದಲ್ಲಿ ನಿಂತಳು.

"ಕಡಿದದ್ದು ಹೌದಾ?" ಎಂದು ಕೇಳಿದ ಬೈರ.

"ಕಡೀದೇ ಇದ್ದಿದ್ರೆ ಇವತ್ತು ನೀವು ಇಲ್ಲಿ ಕೂರ್ತಿರಲಿಲ್ಲ ಮಾವ, ಸುಡುಗಾಡಲ್ಲಿ ಕೂರ್ತಿದ್ರಿ."

"ಅದು ಬೇರೆ ಮಾತು, ಇದು ಬೇರೆ ಮಾತು. ನೇಮ ಎಂತ ಹೇಳ್ತದೆ?"

ಕೆರಿಯ ಹಿಂದಿನಿಂದ ಬಾಯಿ ಹಾಕಿದ: "ಕತ್ತಿ ನಂದು ಬೈರಣ್ಣ. ಹಾಗಾದ್ರೆ ನಾನೂ ಊರು ಬಿಡಬೇಕಾ?" ನಗೆ ಎದ್ದಿತು, ಬಿದ್ದಿತು. ಬೈರ ಕವಳ ಉಗಿದು ಅಣ್ಣನ ಮಗನ ಕಡೆ ತಿರುಗಿದ. "ನೀ ಎಂತ ಹೇಳ್ತೆ?"

ಮಾಸ್ತಿ ಮುಂಗೈಯ ಹಲ್ಲಿನ ಗುರುತನ್ನು ಉಜ್ಜಿಕೊಳ್ಳುತ್ತಿದ್ದ. "ನಾನೇನೂ ಕರೀಲಿಲ್ಲ ಅವಳನ್ನ" ಎಂದ.

ಹೊನ್ನಿ ಬಗ್ಗಿ ಅಂಗಳದಿಂದ ಒಂದು ಹುಲ್ಲುಕಡ್ಡಿ ಎತ್ತಿದಳು. ಬೈರ ಕೈ ಚಾಚುವ ಮೊದಲೇ ಅದನ್ನು ಮುರಿದು ಮಾಸ್ತಿಯ ಮುಂದೆ ಹಾಕಿದಳು. "ನೇಮ ನೀವೇ ಪೂರ್ತಿ ಮಾಡೋದೇನು ಬೇಡ."

ಅಲ್ಲಿಂದ ಮನೆಗೆ ಹೋಗಿ, ಕೊಡದಲ್ಲಿದ್ದ ನೀರನ್ನೆಲ್ಲ ಒಲೆಗೆ ಹೊಯ್ದಳು. ಬೂದಿ ಹಾರಿ ಅಟ್ಟದವರೆಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಗಂಗೆ ಅಳುತ್ತಿದ್ದಳು. ಹೊನ್ನಿ ಅವಳ ಕೈಯನ್ನು ಸೆಳೆದು, ಆಮೇಲೆ ಎಲ್ಲರೂ ಜಗ್ಗಿದಾಗ ಪೈಪಿನ ಬಾಯಲ್ಲಿ ಹರಿದು ದಡಕ್ಕೆ ಬಂದಿದ್ದ ಹಗ್ಗದ ಉದ್ದ ತುಂಡನ್ನು ತೋರು ಬೆರಳ ಮೇಲೆ ಇಟ್ಟು ಚರ್ಮ ಕೆಂಪಾಗುವಂತೆ ಒತ್ತಿದಳು.

"ಇಲ್ಲಿ. ಮುಷ್ಟಿಯಲ್ಲಲ್ಲ, ಮಡಿಲಲ್ಲೂ ಅಲ್ಲ. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ನಿನ್ನ ಗಂಡ ಹೇಳಿದ್ದು ಕೇಳಬೇಡ, ಅವನಿಗೆ ಸೊಂಟ ಒಂದೇ ಗೊತ್ತಿರೋದು. ಅಳಬೇಡ ದರಿದ್ರದೋಳೆ, ಬೆರಳು ಒದ್ದೆ ಆದ್ರೆ ಎಂತದೂ ಗೊತ್ತಾಗೂದಿಲ್ಲ."

"ಅಕ್ಕಾ, ಹಗ್ಗ?"

"ಹಗ್ಗ ನಂದು. ನೀ ಬೇರೆ ಹೊಸೆದುಕೋ."

ವಾನಳ್ಳಿಯ ಅಣ್ಣನ ಮನೆಗೆ ಅವಳು ಹೋಗಲಿಲ್ಲ. ಮೇಸ್ತ್ರಿಗೆ ಆಚೆ ಗುಡ್ಡದ ಒರತೆಯ ಬಾಯಲ್ಲಿ ಕೂತು ಕಸ ತೆಗೆಯುವವರು ಬೇಕಿತ್ತು. ಕುರ್ಕ, ಅಂದರೆ ಚಿರತೆ, ಓಡಾಡುವ ಜಾಗವೆಂದು ಗಂಡಸರು ಯಾರೂ ಒಪ್ಪಿರಲಿಲ್ಲ. ಹೊನ್ನಿ ಒಪ್ಪಿದಳು. ಪೈಪಿನ ಬಾಯಿಂದ ಹಗ್ಗದ ತುಂಡು ತೆಗೆದು ಮತ್ತೆ ಬೋಲ್ಟು ಬಿಗಿದದ್ದು ಮಾಸ್ತಿಯೇ. ದಡದಲ್ಲಿ ಹೊಸ ಹಗ್ಗ ಹಿಡಿದದ್ದು ಗಂಗೆ, ಬೆರಳ ಮೇಲೆ. ಗುಡ್ಡದ ಮೇಲಿನಿಂದ ಹೊನ್ನಿ ಅದನ್ನೊಮ್ಮೆ ನೋಡಿದಳು. ಆಮೇಲೆ ಬಾಗಿಲನ್ನು ಗುಡ್ಡದ ಕಡೆಗೆ ತಿರುಗಿಸಿಕೊಂಡಳು.

ನೀರು ಬಂದ ಮೇಲೆ ಊರಿಗೆ ಬೇರೆಯೇ ಹೆದರಿಕೆ ಹುಟ್ಟಿತು. ಒರತೆಯ ಬಾಯಲ್ಲಿ ಕೂತವಳು ಯಾರು? ಊರು ಹೊರಗೆ ಹಾಕಿದವಳು. ಒಂದು ಹಿಡಿ ಮಣ್ಣು ಹಾಕಿದರೆ ಸಾಕು. ಒಂದು ಬೇಸಿಗೆ ನೀರು ಸಣ್ಣಗಾದಾಗ ಬೈರ ಕೋಲೂರಿಕೊಂಡು ಗುಡ್ಡ ಹತ್ತಿ ಬಂದ. ಏದುಸಿರು ಬಿಡುತ್ತ ಒರತೆಯ ಕಟ್ಟೆಯ ಮೇಲೆ ಕೂತ.

"ನೀರು ಸಣ್ಣ ಬರ್ತದೆ ಹೊನ್ನಿ."

"ಚೈತ್ರದಲ್ಲಿ ಒರತೆಯೇ ಸಣ್ಣ. ಬಗ್ಗಿ ನೋಡಿ, ಎಂತ ಹಾಕಿದ್ದೆ ಹೇಳಿ."

ಬೈರ ನೋಡಿಯೇ ಬಿಟ್ಟ. ಪೈಪಿನ ಬಾಯಿಗೆ ಹಾಕಿದ ಜಾಲರಿ ಚೊಕ್ಕವಾಗಿತ್ತು. ಅವನಿಗೆ ನಾಚಿಕೆಯಾಯಿತೋ ಇಲ್ಲವೋ, ಬೊಗಸೆಯಲ್ಲಿ ನೀರು ಕುಡಿದ. "ಒಬ್ಳೇ ಎಂತಕ್ಕೆ ಇರ್ತೆ ಇಲ್ಲಿ? ಮಾಸ್ತಿ ಮನೆ ಹಿಂದಿನ ಕೋಣೆ ಖಾಲಿ ಅದೆ. ಬೇಕಾದ್ರೆ ಬಂದಿರು. ಮಾಸ್ತಿ ಎಂತೂ ಹೇಳೂದಿಲ್ಲ, ಗಂಗೆಯಂತೂ ದಿನಾ ಕೇಳ್ತಾಳೆ."

"ನೇಮ ಎಂತ ಹೇಳ್ತದೆ ಮಾವ?"

ಬೈರ ಕೋಲು ಕುಟ್ಟಿದ. "ಎಂತ ಬಾಯಿ ನಿಂದು! ಇದಕ್ಕೇ ಹೀಗಾದದ್ದು ನೀನು."

"ಹೌದು. ನೀರು ಕುಡಿದಾತಲ್ಲ, ಇಳೀರಿ. ಬಿಸಿಲು ಏರ್ತದೆ. ದಾರೀಲಿ ಬಿದ್ರೆ ಎತ್ತೂಕೆ ನಾ ಬರೂದಿಲ್ಲ."

ಅವನು ಬೈಯುತ್ತ ಇಳಿದ. ಕೋಲಿನ ಸದ್ದು ಕೆಳಗಿನ ತಿರುವಿನಲ್ಲಿ ಮರೆಯಾಗುವವರೆಗೆ ಹೊನ್ನಿ ಅತ್ತ ತಿರುಗಲಿಲ್ಲ. ಆಮೇಲೆ ಸೆರಗು ಸಿಕ್ಕಿಸಿ, ಒರತೆಯ ಬಂಡೆಗೆ ಕಟ್ಟಿದ ತನ್ನ ಆ ಹಳೆಯ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದು, ಪಾಚಿಗೆ ಕಾಲು ಜಾರದ ಹಾಗೆ ನೀರಿಗೆ ಇಳಿದಳು. ರಾತ್ರಿಯ ಗಾಳಿಗೆ ಉದುರಿದ ನೇರಳೆ ಎಲೆ ಜಾಲರಿಯ ಕಡೆಗೆ ತೇಲಿಬರುತ್ತಿದ್ದವು. ಬಗ್ಗಿ, ಒಂದೊಂದಾಗಿ ಹೆಕ್ಕಿ, ದಡಕ್ಕೆ ಎಸೆಯತೊಡಗಿದಳು.